ಕತ್ತಲಾದ ಪರದೆ ಸತ್ತಿರುವುದಿಲ್ಲ

ದೋಹಾದ ಅಲ್ ಹಿಲಾಲ್‌ನ ಬಾಡಿಗೆ ಕೋಣೆಯೊಂದರಲ್ಲಿ ಚಿಕ್ಕ ಮಾನಿಟರ್ ಕಪ್ಪಾದರೆ, ಅಂಗಡಿಯಲ್ಲಿ ದೊರೆಯುವ ಸಲಹೆ ಸಾಮಾನ್ಯವಾಗಿ ಒಂದೇ: ಹೊಸದನ್ನು ಕೊಳ್ಳಿ. ತಿಂಗಳ ಕನಿಷ್ಠ ಮೂಲವೇತನ 1,000 ರಿಯಾಲ್ ಇರುವ ನಾಡಿನಲ್ಲಿ ಕಾರ್ಮಿಕನೊಬ್ಬನಿಗೆ ಇದು ಹಗುರವಾದ ಮಾತಲ್ಲ. ಅನೇಕ ಬಾರಿ ಅದು ಸರಿಯಾದ ಮಾತೂ ಅಲ್ಲ.

ಕತ್ತಲಲ್ಲಿ ಪರದೆಯ ಮೇಲೆ ಟಾರ್ಚ್ ಬೆಳಕನ್ನು ಓರೆಯಾಗಿ ಹಾಯಿಸಿದಾಗ ಚಿತ್ರ ಮಸುಕಾಗಿ ಕಂಡರೆ, ಎಲ್‌ಸಿಡಿ ಫಲಕ ಕೆಲಸ ಮಾಡುತ್ತಿದೆ ಎಂದೇ ಅರ್ಥ. ಎಲ್‌ಸಿಡಿಗೆ ಸ್ವಂತ ಬೆಳಕಿಲ್ಲ. ಕೆಟ್ಟಿರುವುದು ಅದನ್ನು ಬೆಳಗುವ ಎಲ್‌ಇಡಿ ಸಾಲು ಅಥವಾ ಅದರ ಸರ್ಕ್ಯೂಟ್. ಬಿಳಿ ಎಲ್‌ಇಡಿಯೊಂದಕ್ಕೆ ಸುಮಾರು 3 ವೋಲ್ಟ್ ಬೇಕು. ಸಾಲಿನಲ್ಲಿ ಹತ್ತಿದ್ದರೆ, ಅಡಾಪ್ಟರಿನ 12 ವೋಲ್ಟನ್ನು ಈ ಸರ್ಕ್ಯೂಟ್ ಸುಮಾರು 30ಕ್ಕೆ ಏರಿಸಬೇಕು. ಸರ್ಕ್ಯೂಟಿಗೆ ವಿದ್ಯುತ್ತೇ ತಲುಪದಿದ್ದರೆ ಮೊದಲ ಸಂಶಯ ಫ್ಯೂಸಿನ ಮೇಲೆ. ಶಾರ್ಟ್ ಎಲ್ಲಿದೆಯೆಂದು ಹುಡುಕದೆ ಫ್ಯೂಸ್ ಬದಲಿಸಿದರೆ ಹೊಸದೂ ಸುಡುತ್ತದೆ. ವಿದ್ಯುತ್ ತಲುಪಿಯೂ ವೋಲ್ಟೇಜ್ ಏರದಿದ್ದರೆ ಕಾಯಿಲ್, ಡಯೋಡ್, ಐಸಿಗಳನ್ನೂ, ಐಸಿಗೆ ಬರಬೇಕಾದ ಚಾಲನಾ ಸಂಕೇತವನ್ನೂ ನೋಡಬೇಕು. ವೋಲ್ಟೇಜ್ ಏರಿದೊಡನೆ ನಿಂತುಹೋದರೆ ಸಾಲಿನಲ್ಲಿ ಒಂದು ಎಲ್‌ಇಡಿ ಕಡಿದಿರಬಹುದು. ಒಂದು ಕಡಿದರೆ ಸಾಲೆಲ್ಲ ಆರುತ್ತದೆ.

ಇಷ್ಟು ಬಲ್ಲ ಕೆಲಸಗಾರನೂ ಸೋಲುವುದು ಬೇರೆಡೆ. ಸರ್ಕ್ಯೂಟಿನ ನಕ್ಷೆ ದೊರೆಯುವುದಿಲ್ಲ, ಬಿಡಿಭಾಗ ಮಾರಾಟಕ್ಕಿರುವುದಿಲ್ಲ, ಅಂಟಿಸಿದ ಕವಚ ಬಿಚ್ಚಿದರೆ ಫಲಕವೇ ಸೀಳುತ್ತದೆ. ಇದು ತಂತ್ರಜ್ಞಾನದ ಅನಿವಾರ್ಯತೆಯಲ್ಲ, ತಯಾರಕರ ಆಯ್ಕೆ. ವಿಶ್ವಸಂಸ್ಥೆಯ ವರದಿಯಂತೆ 2022ರಲ್ಲಿ ಜಗತ್ತು 6.2 ಕೋಟಿ ಟನ್ ಇ-ತ್ಯಾಜ್ಯ ಸೃಷ್ಟಿಸಿತು. ಅದರಲ್ಲಿ ಕ್ರಮಬದ್ಧವಾಗಿ ಸಂಗ್ರಹವಾಗಿ ಮರುಬಳಕೆಗೆ ಹೋದುದಾಗಿ ದಾಖಲಾದದ್ದು ಶೇ. 22.3 ಮಾತ್ರ.

ಕಾನೂನು ಮನಸ್ಸು ಮಾಡಿದರೆ ಈ ಆಯ್ಕೆ ಬದಲಾಗುತ್ತದೆ. ಟಿವಿ, ಮಾನಿಟರ್‌ಗಳ ಮುಖ್ಯ ಬಿಡಿಭಾಗಗಳು ಕನಿಷ್ಠ 7 ವರ್ಷ ದುರಸ್ತಿಗಾರರಿಗೆ ದೊರೆಯಬೇಕೆಂಬ ನಿಯಮವನ್ನು ಯುರೋಪಿಯನ್ ಒಕ್ಕೂಟ 2021ರಲ್ಲಿ ಜಾರಿಗೊಳಿಸಿತು. ಭಾರತ ಸರ್ಕಾರ 2022ರ ಡಿಸೆಂಬರಿನಲ್ಲಿ ದುರಸ್ತಿ ಹಕ್ಕಿನ ಪೋರ್ಟಲ್ ತೆರೆಯಿತು. ಆದರೆ ಮಾಹಿತಿ ಕೊಡುವ ತಾಣ ಒಂದು ಅನುಕೂಲವಷ್ಟೇ. ಕೊಡಲೇಬೇಕೆಂಬ ಕಾಯಿದೆಯಿದ್ದಾಗ ಮಾತ್ರ ಅದು ಹಕ್ಕಾಗುತ್ತದೆ.

ಕಾಯಿದೆ ಬರುವವರೆಗೆ ಸಮುದಾಯ ಕೈಕಟ್ಟಿ ಕೂರಬೇಕಿಲ್ಲ. ಬೆಂಗಳೂರಿನಲ್ಲಿ 2015ರಲ್ಲಿ ಶುರುವಾದ ರಿಪೇರಿ ಕೆಫೆಯಲ್ಲಿ, ಬಲ್ಲವರು ಅರಿಯದವರ ಜೊತೆ ಕೂತು ಕೆಟ್ಟ ವಸ್ತುಗಳನ್ನು ಸರಿಪಡಿಸುತ್ತಾರೆ. ರಾಜ್ಯೋತ್ಸವಕ್ಕೆ ಸಭಾಂಗಣ ಹಿಡಿಯುವ ಗಲ್ಫಿನ ಕನ್ನಡ ಸಂಘಗಳು ವರ್ಷದಲ್ಲಿ ಒಂದು ಶುಕ್ರವಾರವನ್ನು ಮಲ್ಟಿಮೀಟರಿಗೂ ಸೋಲ್ಡರಿಂಗ್ ಐರನ್ನಿಗೂ ಬಿಟ್ಟುಕೊಡಬಹುದು. ವೇದಿಕೆಗೆ ಎಂದೂ ಕರೆ ಬಾರದ ಎಲೆಕ್ಟ್ರೀಷಿಯನ್ನರು, ಟೆಕ್ನಿಷಿಯನ್ನರು ಅಂದು ಗುರುಗಳಾಗುತ್ತಾರೆ.