ಸಿಡಿಲಫಡಿಗೂ ನಡೆಯಲಿ ಪ್ರವಾಸ

ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡಗಳ ಶಾಲೆಗಳಿಂದ ಬಾದಾಮಿಗೆ ಪ್ರವಾಸ ಹೋಗುವ ಮಕ್ಕಳು ಮಂಗಲೇಶನ 578ರ ಶಾಸನವಿರುವ ಮೂರನೆಯ ಗುಹೆಯನ್ನು ಕಂಡು, ಅಗಸ್ತ್ಯತೀರ್ಥದ ದಂಡೆಯಲ್ಲಿ ಬುತ್ತಿ ಬಿಚ್ಚಿ ಮರಳುತ್ತಾರೆ. ಅದೇ ಬೆಟ್ಟಸಾಲಿನಲ್ಲಿ ಕಾಲ್ನಡಿಗೆಯಿಂದ ಮಾತ್ರ ತಲುಪಬಹುದಾದ ಸಿಡಿಲಫಡಿಯೆಂಬ ಮರಳುಗಲ್ಲಿನ ಆಸರೆಯುಂಟು. ಚಾಲುಕ್ಯರಿಗಿಂತ ಬಹು ಹಿಂದೆ, ಅಕ್ಷರವನ್ನರಿಯದ ಜನರು ಅಲ್ಲಿ ಕೆಂಬಣ್ಣದಿಂದ ಮನುಷ್ಯರನ್ನೂ ಮೃಗಗಳನ್ನೂ ಬರೆದರು. ಕನ್ನಡದಲ್ಲಿ ಚಿತ್ರಕ್ಕೂ ಅಕ್ಷರಕ್ಕೂ 'ಬರೆ' ಎಂಬುದೊಂದೇ ಧಾತು. ಆದುದರಿಂದ ನಾಡಿನ ಮೊದಲ ಬರಹಗಾರರು ಅವರೇ ಎಂದರೆ ತಪ್ಪಾಗದು.

ದಕ್ಷಿಣ ಆಫ್ರಿಕದ ಡ್ರೇಕನ್ಸ್‌ಬರ್ಗ್ ಪರ್ವತಗಳಲ್ಲಿ ಸಾನ್ ಜನರು ಬರೆದ ಚಿತ್ರಗಳ ನೆಲೆ 2000ದಲ್ಲಿಯೂ, ನಮ್ಮ ಭೀಮಬೇಟ್ಕಾ 2003ರಲ್ಲಿಯೂ ವಿಶ್ವಪರಂಪರೆಯ ಪಟ್ಟಿಗೆ ಸೇರಿದವು. ಸಿಡಿಲಫಡಿಗೆ ಅಂಥ ಗೌರವವಿಲ್ಲ. ಹಳೆಯ ಬಂಡೆ ಕಂಡಲ್ಲೆಲ್ಲ ಹೆಸರು ಕೊರೆಯುವ ಚಟವೋ ನಮ್ಮಲ್ಲಿ ಹೇರಳ. ಅಕ್ಷರವಿಲ್ಲದವರು ಬರೆದುದನ್ನು ಅಕ್ಷರ ಕಲಿತವರೇ ಅಳಿಸಿದರೆ, ಆ ಕಲಿಕೆಗೆ ಏನು ಬೆಲೆ?

ಬಿಸಿಲು, ಕಲ್ಲುದಾರಿ ಎಂದು ಅಂಜಬೇಕಿಲ್ಲ. ಚಳಿಗಾಲದ ಮುಂಜಾನೆ, ನೀರಿನ ಪಾತ್ರೆ, ದಾರಿ ಬಲ್ಲ ಊರವನೊಬ್ಬ ಇದ್ದರೆ ಸಾಕು. ಆತನ ಕೂಲಿಯನ್ನು ದಾನಿಗಳು ವಹಿಸಲಿ. ಚಿತ್ರವನ್ನು ಮುಟ್ಟದೆ, ನೀರೆರಚದೆ ನೋಡುವ ಶಿಸ್ತನ್ನು ಅಧ್ಯಾಪಕರು ಹೊರಡುವ ಮೊದಲೇ ಕಲಿಸಲಿ. ಹಾಗೆ ನೋಡಿ ಬಂದ ಮಗು ಮುಂದೆ ಯಾವ ಬಂಡೆಯ ಮೇಲೂ ತನ್ನ ಹೆಸರನ್ನು ಕೊರೆಯಲಾರದು.