ಖಾರದ ಬರಣಿಗೆ ಒದ್ದೆ ಚಮಚ

ಮಕ್ಕಳೇ, ಬೇಸಿಗೆಯಲ್ಲಿ ನಮ್ಮ ಅಕ್ಕಲಕೋಟೆ, ಜತ್ತ ಭಾಗದ ಓಣಿಗಳಲ್ಲಿ ನಡೆಯುವಾಗ ನಿಮಗೂ ಸೀನು ಬಂದಿರಬೇಕು. ಮಾಳಿಗೆಯ ಮೇಲೆ ಕೆಂಪು ಮೆಣಸಿನಕಾಯಿ ಒಣಗುತ್ತಿರುತ್ತದೆ. ಒಳಗೆ ಕೊತ್ತಂಬರಿ ಬೀಜ, ಎಳ್ಳು, ಒಣಕೊಬ್ಬರಿ ಹುರಿಯುವ ವಾಸನೆ. ಬಣ್ಣಕ್ಕೆ ಬ್ಯಾಡಗಿ ಮೆಣಸಿನಕಾಯಿ, ಖಾರಕ್ಕೆ ಗುಂಟೂರಿನದು. ಎಲ್ಲವನ್ನೂ ಗಿರಣಿಗೆ ಒಯ್ದು ಕುಟ್ಟಿಸಿದ ಮಸಾಲೆ ಖಾರ ಅನೇಕ ಮನೆಗಳಲ್ಲಿ ವರ್ಷವಿಡೀ ಬರಬೇಕು.

ನಾನು ನಾಲ್ಕನೆಯ ತರಗತಿಯಲ್ಲಿದ್ದಾಗ ಒಂದು ದಿನ ಅವ್ವ, "ಬರಣಿಯಿಂದ ಒಂದು ಚಮಚ ಖಾರ ತಾ" ಎಂದಳು. ಆಗತಾನೆ ತೊಳೆದ ಚಮಚವನ್ನೇ ಬರಣಿಗೆ ಹಾಕಿದೆ. ನೀರು ತಾಗಿ ಖಾರ ಗಂಟು ಕಟ್ಟಿತು. ಬೈದಾಳೆಂಬ ಹೆದರಿಕೆಯಿಂದ ಗಂಟನ್ನು ಒಳಗೆ ಒತ್ತಿ, ಮೇಲೆ ಒಣ ಖಾರ ಎಳೆದು, ಮುಚ್ಚಳ ಹಾಕಿಬಿಟ್ಟೆ. ಆಷಾಢದ ಹೊತ್ತಿಗೆ ಬರಣಿಯೊಳಗೆ ಬೂದು ಬಣ್ಣದ ಬೂಷ್ಟು ಹಬ್ಬಿತ್ತು. ಆ ವರ್ಷವೆಲ್ಲ ಅಂಗಡಿಯಿಂದ ಕಾಲು ಕಿಲೋ, ಕಾಲು ಕಿಲೋ ತಂದು ದಿನ ಕಳೆದೆವು.

ತಪ್ಪು ನನ್ನದೇ. ಆದರೂ ವರ್ಷದ ಖಾರವನ್ನೆಲ್ಲ ಒಂದೇ ಬರಣಿಯಲ್ಲಿಟ್ಟು, ದಿನಾ ಅದನ್ನೇ ತೆರೆಯುವ ರೂಢಿ ಸರಿಯಲ್ಲ ಎಂದು ನನಗೆ ಈಗ ಅನಿಸುತ್ತದೆ. ದಿನದ ಬಳಕೆಗೆ ಚಿಕ್ಕ ಡಬ್ಬಿ ಬೇರೆ ಇರಲಿ. ದೊಡ್ಡ ಬರಣಿಯನ್ನು ಬಿಸಿಲು ಬೀಳದ, ತೇವವಿಲ್ಲದ ಮೂಲೆಯಲ್ಲಿಟ್ಟು, ಹದಿನೈದು ದಿನಕ್ಕೊಮ್ಮೆ ತೆರೆದರೆ ಸಾಕು. ಕುದಿಯುವ ಸಾರಿನ ಮೇಲೆ ಡಬ್ಬಿ ಹಿಡಿದು ಖಾರ ಸುರಿಯುವವರನ್ನು ನೀವು ನೋಡಿರಬಹುದು. ಆ ಹಬೆಯೂ ನೀರೇ ಅಲ್ಲವೇ? (ಹಸಿ ಶುಂಠಿ, ಬೆಳ್ಳುಳ್ಳಿ ಅರೆದದ್ದರ ಮಾತು ಬೇರೆ. ಅದರಲ್ಲಿ ಮೊದಲೇ ನೀರಿದೆ. ಫ್ರಿಜ್ ಇಲ್ಲದ ಮನೆಯಲ್ಲಿ ಅಂದಂದೇ ಮುಗಿಸಬೇಕು.)

ಖಾರ ಕೆಟ್ಟಿದೆ ಎಂದು ತಿಳಿಯುವುದು ಹೇಗೆ? ಬಣ್ಣ ಮಾಸಿದರೆ, ಘಮ ಕಡಿಮೆಯಾದರೆ ಅದು ಹಳೆಯದಾಗಿದೆ ಎಂದಷ್ಟೇ ಅರ್ಥ. ಅದನ್ನು ಚೆಲ್ಲಬೇಕಾಗಿಲ್ಲ. ಎಳ್ಳು, ಕೊಬ್ಬರಿ, ಶೇಂಗಾ ಸೇರಿದ ಪುಡಿಯಲ್ಲಿ ಎಣ್ಣೆಯ ಅಂಶ ಹೆಚ್ಚು. ಗಾಳಿ ತಾಗಿ ತಾಗಿ ಅದು ಕಮಟು ವಾಸನೆ ಬರುತ್ತದೆ. ಶೇಂಗಾ ಹಿಂಡಿ ಒಣಖಾರಕ್ಕಿಂತ ಬೇಗ ಕೆಡುವುದು ಇದೇ ಕಾರಣಕ್ಕೆ. ಅಂಥದ್ದನ್ನು ತಿನ್ನಬೇಡಿ. ಮುಗ್ಗಲು ವಾಸನೆ, ಬಿಳಿ ಅಥವಾ ಹಸಿರು ಬೂಷ್ಟು ಕಂಡರಂತೂ ನಾಲಿಗೆಗೆ ಹಚ್ಚಿ ನೋಡುವುದೂ ಬೇಡ.

"ಮೇಲಿನದು ತೆಗೆದು ಬಿಸಿಲಿಗೆ ಹಾಕಿದರಾಯಿತು" ಎಂದು ಮನೆಯ ಹಿರಿಯರು ಹೇಳಬಹುದು. ಕಷ್ಟಪಟ್ಟು ಮಾಡಿದ್ದನ್ನು ಚೆಲ್ಲಲು ಯಾರಿಗೂ ಮನಸ್ಸಾಗುವುದಿಲ್ಲ. ಆದರೆ ಈ ಒಂದು ಮಾತನ್ನು ನಾನು ಒಪ್ಪುವುದಿಲ್ಲ. ಮೆಣಸಿನಕಾಯಿ, ಶೇಂಗಾಗಳ ಮೇಲೆ ಬೆಳೆಯುವ ಕೆಲವು ಬೂಷ್ಟುಗಳು ಅಫ್ಲಾಟಾಕ್ಸಿನ್ ಎಂಬ ವಿಷವನ್ನು ಉಂಟುಮಾಡುತ್ತವೆ. ಅದು ಕಣ್ಣಿಗೆ ಕಾಣುವುದಿಲ್ಲ. ಬಿಸಿಲಿಗೆ ಹಾಕಿದರೂ, ಒಲೆಯ ಮೇಲೆ ಕುದಿಸಿದರೂ ಪೂರ್ತಿ ಹೋಗುವುದಿಲ್ಲ. 1960ರಲ್ಲಿ ಇಂಗ್ಲೆಂಡಿನಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಟರ್ಕಿ ಕೋಳಿಗಳು ಸತ್ತವು. ಕಾರಣ ಹುಡುಕಿದಾಗ ಅವು ತಿಂದ ಶೇಂಗಾ ಹಿಂಡಿಯಲ್ಲಿ ಬೂಷ್ಟಿನ ವಿಷವಿತ್ತು. ಈ ವಿಷ ಬೇರೆ ಬೇರೆ ಊಟದಲ್ಲಿ ಸ್ವಲ್ಪ ಸ್ವಲ್ಪವೇ ಹೊಟ್ಟೆ ಸೇರುತ್ತಿದ್ದರೂ ಕಾಲಾಂತರದಲ್ಲಿ ಮನುಷ್ಯರ ಯಕೃತ್ತಿಗೆ ಹಾನಿ ಮಾಡುತ್ತದೆ. ಹಾಗಾಗಿ ಬೂಷ್ಟು ಹಿಡಿದ ಖಾರವನ್ನು ಪೂರ್ತಿ ಚೆಲ್ಲಬೇಕು. ದನಕರುಗಳಿಗೂ ಕೋಳಿಗಳಿಗೂ ಹಾಕಬಾರದು.

ನೀವೂ ಎಂದಾದರೂ ಅವಸರದಲ್ಲಿ ಒದ್ದೆ ಚಮಚ ಹಾಕೀರಿ. ಆಗ ನನ್ನ ಹಾಗೆ ಮುಚ್ಚಿಡಬೇಡಿ, ಆ ಕ್ಷಣವೇ ಅವ್ವನಿಗೆ ಹೇಳಿ. ಒದ್ದೆಯಾದ ಗಂಟನ್ನು ಸುತ್ತಲಿನ ಖಾರದ ಸಮೇತ ಅಂದೇ ತೆಗೆದರೆ ಉಳಿದದ್ದು ಉಳಿಯುತ್ತದೆ. ನಾನು ಹೇಳಿದ್ದರೆ ನನ್ನ ಅವ್ವ ಬೈಯುತ್ತಿದ್ದಳು, ನಿಜ. ಆದರೆ ಬರಣಿ ತುಂಬ ಇದ್ದ ಖಾರವನ್ನು ತಿಪ್ಪೆಗೆ ಸುರಿಯುವ ಪ್ರಸಂಗ ಅವಳಿಗೆ ಬರುತ್ತಿರಲಿಲ್ಲ.