ಒಳ್ಳೆಯವರೇ ತಂದ ಕೇಡು

ಪದವಿಯಲ್ಲಿ ಷೇಕ್ಸ್‌ಪಿಯರ್‌ನ ‘ರೋಮಿಯೊ ಅಂಡ್ ಜೂಲಿಯೆಟ್’ ನಮಗೆ ಪಠ್ಯವಾಗಿತ್ತು. ಎರಡು ಮನೆತನಗಳ ಹಗೆಯೇ ದುರಂತಕ್ಕೆ ಕಾರಣ ಎಂದು ಪರೀಕ್ಷೆಯಲ್ಲಿ ಬರೆದು ಅಂಕ ಗಿಟ್ಟಿಸಿದ್ದೆ. ಮೊನ್ನೆ ಮತ್ತೆ ಓದಿದಾಗ ನನ್ನನ್ನು ಕಾಡಿದ್ದು ಪ್ರೇಮಿಗಳಿಗೆ ನೆರವಾದವರು.

ಪಾದ್ರಿ ಲಾರೆನ್ಸ್‌ನದು ಒಳ್ಳೆಯ ಮನಸ್ಸು. ಹಗೆ ತಣಿದೀತೆಂದು ಇಬ್ಬರಿಗೂ ಗುಟ್ಟಾಗಿ ಮದುವೆ ಮಾಡಿಸಿದ. ಹೆತ್ತವರು ಜೂಲಿಯೆಟ್‌ಗೆ ಬೇರೆ ಮದುವೆ ಗೊತ್ತುಮಾಡಿದಾಗಲೂ ನಿಜ ಹೇಳದೆ, 42 ಗಂಟೆ ಸತ್ತಂತೆ ಮಲಗಿಸುವ ಔಷಧ ಕೊಟ್ಟ. ಪ್ಲೇಗ್ ಭಯದಿಂದ ಪತ್ರ ಒಯ್ಯುವವನನ್ನು ಮನೆಯೊಂದರಲ್ಲಿ ಕೂಡಿಹಾಕಿದರು. ರೋಮಿಯೊಗೆ ತಲುಪಿದ್ದು ಸಾವಿನ ಸುದ್ದಿ ಮಾತ್ರ. ಅದನ್ನು ತಂದವನೂ ನಿಷ್ಠೆಯ ಸೇವಕನೇ! ಸಂದೇಶ ಹೊತ್ತು ಓಡಾಡಿದ್ದ ದಾದಿ, ಕಷ್ಟ ಬಂದಾಗ ಪ್ಯಾರಿಸ್‌ನನ್ನೇ ಮದುವೆಯಾಗು ಎಂದಳು. ಕೊನೆಗೆ ಸಮಾಧಿಯ ಬಳಿ ಸದ್ದು ಕೇಳಿ ಪಾದ್ರಿಯೂ ಅವಳನ್ನು ಬಿಟ್ಟು ಓಡಿದ.

ಇದು ನನ್ನನ್ನು ಚುಚ್ಚಲು ಕಾರಣವಿದೆ. ಎರಡು ವಿಷಯಗಳಲ್ಲಿ ಫೇಲಾದ ಗೆಳತಿಗಾಗಿ, ‘ರಿಸಲ್ಟ್ ಇನ್ನೂ ಬಂದಿಲ್ಲ ಆಂಟಿ’ ಎಂದು ಅವಳ ಅಮ್ಮನಿಗೆ ಸುಳ್ಳು ಹೇಳುತ್ತಲೇ ಬಂದೆ. ಮನೆಯಲ್ಲಿ ಹಣ ಕೇಳಲಾಗದೆ ಅವಳು ಪರೀಕ್ಷಾ ಶುಲ್ಕ ಕಟ್ಟುವ ಕೊನೆಯ ದಿನವೂ ಕಳೆಯಿತು. ಒಂದು ವರ್ಷ ಹೋಯಿತು. ಬೈಸಿಕೊಂಡವಳು ಅವಳೊಬ್ಬಳೇ.

ಹಗೆಯದೇ ಮೊದಲ ತಪ್ಪು, ಒಪ್ಪುತ್ತೇನೆ. ಆದರೆ ಗುಟ್ಟು ಕಾಯುವುದಷ್ಟೇ ಗೆಳೆತನವೇ? ‘ಮನೆಯಲ್ಲಿ ಹೇಳು, ನಾನೂ ಜೊತೆಗೆ ಬರ್ತೀನಿ’ ಎನ್ನಲು ವೆರೋನಾದಲ್ಲಿ ಒಬ್ಬರೂ ಇರಲಿಲ್ಲ. ನನ್ನ ಗೆಳತಿಗೂ ಇರಲಿಲ್ಲ.